ಕೇಳಿದ್ದಕ್ಕೆ ಉತ್ತರ

ಮೂರನೆಯ ಸಂದರ್ಶನ ಮುಗಿಸಿ ಮೆಟ್ಟಿಲಿಳಿಯುವಾಗ ಈ ಕೆಲಸ ನನಗೇ ಅನ್ನಿಸಿತ್ತು. ಎಲ್ಲೂ ತಡವರಿಸಿರಲಿಲ್ಲ. ಅವರು ಕೇಳಿದ ಒಂದೊಂದಕ್ಕೂ ನನ್ನ ಬಳಿ ಉತ್ತರ ಸಿದ್ಧವಿತ್ತು. ಬೆನ್ನು ನೆಟ್ಟಗಿಟ್ಟು ಕೂತಿದ್ದೆ, ನಗುಮುಖದಲ್ಲಿ ಮಾತಾಡಿದ್ದೆ, ಏಳುವಾಗ ಮೂವರಿಗೂ ಬೇರೆ ಬೇರೆಯಾಗಿ ಧನ್ಯವಾದ ಹೇಳಿದ್ದೆ. ನಾಲ್ಕು ದಿನ ಕಳೆದ ಮೇಲೆ ಎರಡು ಸಾಲಿನ ಇಮೇಲ್ ಬಂತು: ಬೇರೊಬ್ಬರನ್ನು ಆರಿಸಿಕೊಂಡಿದ್ದೇವೆ, ನಿಮಗೆ ಶುಭವಾಗಲಿ.

ಮೊದಲ ಎರಡು ಸಂದರ್ಶನ ಕೆಟ್ಟಾಗ ಕಾರಣ ಗೊತ್ತಿತ್ತು. ಒಂದರಲ್ಲಿ ಹೆದರಿ ಬಾಯಿ ಒಣಗಿತ್ತು, ಇನ್ನೊಂದಕ್ಕೆ ಹತ್ತು ನಿಮಿಷ ತಡವಾಗಿ ತಲುಪಿದ್ದೆ. ಈ ಮೂರನೆಯದರಲ್ಲಿ ಏನು ತಪ್ಪಾಯಿತು ಅನ್ನುವುದೇ ತಿಳಿಯಲಿಲ್ಲ. ಸೋತದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ನನ್ನ ಕೆಲಸ ದಾಸ್ತಾನಿನದು. ವೈದ್ಯಕೀಯ ಸಾಮಗ್ರಿಗಳ ಗೋದಾಮಿನಲ್ಲಿ ಆರು ವರ್ಷ ಇದ್ದೆ. ಸಿರಿಂಜು, ಗ್ಲೌಸು, ಡ್ರೆಸ್ಸಿಂಗ್ ಬಟ್ಟೆ ಇವುಗಳ ಒಳಬರುವ, ಹೊರಹೋಗುವ ಲೆಕ್ಕ. ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಮೂರು ವರ್ಷ ಮನೆಯಲ್ಲೇ ಇದ್ದು ಅವಳನ್ನು ನೋಡಿಕೊಂಡೆ. ಅವಳು ಹೋದ ಮೇಲೆ ಮತ್ತೆ ಕೆಲಸ ಹುಡುಕಲು ಕೂತಾಗ, ರೆಸ್ಯೂಮೆಯಲ್ಲಿ ಆ ಮೂರು ವರ್ಷದ ಖಾಲಿ ಜಾಗ ನನ್ನನ್ನೇ ದಿಟ್ಟಿಸುತ್ತಿತ್ತು. ಆ ಕೊರತೆಯನ್ನು ತುಂಬಿಕೊಳ್ಳಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಅದಕ್ಕಾಗಿಯೇ ಅಷ್ಟೊಂದು ತಯಾರಿ ಮಾಡಿದ್ದೆ. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಹುಡುಕಿ ಐವತ್ತಕ್ಕೂ ಉತ್ತರ ಬರೆದು ಬಾಯಿಪಾಠ ಮಾಡಿದ್ದೆ.

ಹಾವಭಾವವನ್ನೂ ಅಭ್ಯಾಸ ಮಾಡಿದ್ದೆ, ಅದರ ಹಿಂದೆ ಒಂದು ಲೆಕ್ಕವಿತ್ತು. ನಾವು ಹೇಳುವುದರಲ್ಲಿ ಶೇಕಡಾ 7 ಮಾತ್ರ ಪದಗಳಿಂದ ತಲುಪುತ್ತದೆ, 38 ದನಿಯಿಂದ, 55 ಮುಖ ಮತ್ತು ಮೈಭಾಷೆಯಿಂದ ಎಂದು ಎಲ್ಲೋ ಓದಿ ನಂಬಿದ್ದೆ. ಅದರ ಮೂಲ ಏನೆಂದು ಆಮೇಲೆ ತಿಳಿಯಿತು. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಸಂಖ್ಯೆಗಳು ಅವು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮಾತಾಡಿದವರಿಗೆ ಎದುರಿನವರು ಇಷ್ಟವೋ ಅಲ್ಲವೋ ಎಂದು ಊಹಿಸಲು ಹೇಳಿದ್ದರು. ಪದ ಒಂದು ಹೇಳಿ, ದನಿ ಇನ್ನೊಂದು ಹೇಳುವಾಗ ಜನ ಯಾವುದನ್ನು ನಂಬುತ್ತಾರೆ ಅನ್ನುವಷ್ಟಕ್ಕೆ ಆ ಲೆಕ್ಕ ಸಲ್ಲುತ್ತದೆ. ಗೋದಾಮಿನ ಲೆಕ್ಕ ಹೇಗೆ ಇಡುತ್ತೀರಿ ಎಂದು ಕೇಳಿದವರಿಗೆ ಪದಗಳು ಶೇಕಡಾ 7 ಸಾಕು ಎಂದು ಮೆಹ್ರಾಬಿಯನ್ ಹೇಳಿರಲೇ ಇಲ್ಲ. ನಾನು ಮಾತ್ರ ಆ ಲೆಕ್ಕ ನಂಬಿ, ಮಾತಿಗಿಂತ ಭುಜದ ಕಡೆಗೆ ಹೆಚ್ಚು ಗಮನ ಕೊಟ್ಟು ವಾರಗಟ್ಟಲೆ ಕಳೆದಿದ್ದೆ.

ಕೊನೆಗೆ ನಮ್ಮ ಹಳೆಯ ಗೋದಾಮಿನ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿದ್ದರು. ಮೂವತ್ತು ವರ್ಷದಲ್ಲಿ ನೂರಾರು ಜನರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದವರು. "ಬಾಮ್ಮ, ಒಂದು ಸಲ ನಾನೇ ಸಂದರ್ಶನ ಮಾಡ್ತೀನಿ" ಅಂದರು. ಹೋದೆ. ಮೇಜಿನ ಮೇಲೆ ಫೋನ್ ನಿಲ್ಲಿಸಿ ವಿಡಿಯೋ ಹಾಕಿದರು. ಇಪ್ಪತ್ತು ನಿಮಿಷ ಕೇಳಿದರು, ನಾನು ಹೇಳಿದೆ. ಆಮೇಲೆ ಏನೂ ಹೇಳದೆ ಫೋನನ್ನು ನನ್ನ ಕಡೆ ತಿರುಗಿಸಿ ನೋಡು ಅಂದರು.

ನೋಡಿದೆ. ಅವರು ಪ್ರಶ್ನೆ ಮುಗಿಸುವ ಮೊದಲೇ ನನ್ನ ಕಣ್ಣು ಮೇಲಕ್ಕೆ ಹೋಗುತ್ತಿತ್ತು, ಬಾಯಿಪಾಠದ ಪಟ್ಟಿಯಲ್ಲಿ ಇದು ಎಷ್ಟನೆಯದು ಎಂದು ಹುಡುಕುವಂತೆ. ಸಿಕ್ಕ ಕೂಡಲೇ ಮುಖ ಅರಳುತ್ತಿತ್ತು, ಮಾತು ಹರಿಯುತ್ತಿತ್ತು. ಅವರು ಕೇಳಿದ್ದು "ಒಬ್ಬ ಸಹೋದ್ಯೋಗಿ ಪದೇ ಪದೇ ಲೆಕ್ಕ ತಪ್ಪಿಸಿದರೆ ಏನು ಮಾಡ್ತೀಯ" ಎಂದು. ನಾನು ಹೇಳಿದ್ದು ತಂಡದಲ್ಲಿ ಹೊಂದಿಕೊಂಡು ಹೋಗುವುದು ಹೇಗೆ ಎಂಬ ಉತ್ತರ. ಎರಡಕ್ಕೂ ದೂರದ ನೆಂಟಸ್ತಿಕೆ ಇತ್ತು, ಅಷ್ಟೇ.

"ಚೆನ್ನಾಗಿ ಮಾತಾಡ್ತೀಯಮ್ಮ" ಅಂದರು ಸರ್. "ಆದರೆ ನಾನು ಕೇಳಿದ್ದಕ್ಕೆ ನೀನು ಒಂದ್ಸಲವೂ ಉತ್ತರ ಕೊಡಲಿಲ್ಲ."

ಮೂರನೆಯ ಸಂದರ್ಶನ ಏಕೆ ಕೈತಪ್ಪಿತು ಎಂದು ಆ ಕ್ಷಣ ಅರ್ಥವಾಯಿತು. ಆ ಮೂವರೂ ನನ್ನನ್ನು ಕೇಳುತ್ತಲೇ ಇದ್ದರು. ಅವರ ಮಾತು ನನ್ನ ಕಿವಿಗೇ ಬಿದ್ದಿರಲಿಲ್ಲ.

ಎರಡನೆಯ ಸಂಗತಿಯನ್ನು ಸರ್ ಒಂದು ಉತ್ತರ ಹಿಡಿದು ತೋರಿಸಿದರು. ಕೆಲಸದಲ್ಲಿ ಮಾಡಿದ ತಪ್ಪೊಂದನ್ನು ಹೇಳು ಅಂದಾಗ ನಾನು ಹೀಗೆ ಹೇಳಿದ್ದೆ: "ಒಮ್ಮೆ ಎಂಟ್ರಿಯಲ್ಲಿ ತಪ್ಪಾಗಿತ್ತು, ಅದು ಗಮನಕ್ಕೆ ಬಂತು, ನಾವು ಸರಿಪಡಿಸಿದೆವು."

"ತಪ್ಪಾಗಿತ್ತು ಅಂದರೆ? ತಾನೇ ಆಯಿತಾ? ಯಾರ ಗಮನಕ್ಕೆ ಬಂತು? ನಾವು ಅಂದರೆ ಯಾರು ಯಾರು?"

ನಮ್ಮ ಭಾಷೆಯಲ್ಲಿ ಇದು ಎಷ್ಟು ಸಲೀಸು ಎಂದು ಆವತ್ತಿನವರೆಗೆ ಯೋಚಿಸಿರಲಿಲ್ಲ. ತಪ್ಪಾಯಿತು, ಬಿದ್ದುಹೋಯಿತು, ಮರೆತುಹೋಯಿತು, ಕೆಲಸ ಆಯಿತು. ಮಾಡಿದವರಿಲ್ಲದೆ ಎಲ್ಲವೂ ಆಗಿಬಿಡುತ್ತದೆ. ಒಳ್ಳೆಯದನ್ನು ಹೇಳಬೇಕಾದಾಗಲೂ ನಾಲಿಗೆ "ನಾವು" ಎಂದೇ ಹೊರಳುತ್ತದೆ. ನಾನು ನಾನು ಅನ್ನುವುದು ಅಹಂಕಾರ ಎಂದು ಕೇಳಿ ಬೆಳೆದವಳು ನಾನು, ಈಗಲೂ ಆ ಮಾತನ್ನು ಒಪ್ಪುತ್ತೇನೆ. ಆದರೆ ಎದುರಿಗೆ ಕೂತವರು ಕೆಲಸಕ್ಕೆ ತೆಗೆದುಕೊಳ್ಳುವುದು ನಮ್ಮ ಹಳೆಯ ತಂಡವನ್ನಲ್ಲ, ನನ್ನೊಬ್ಬಳನ್ನು. ಅವರಿಗೆ ನನ್ನ ಪಾಲು ಎಷ್ಟೆಂದು ಗೊತ್ತಾಗಬೇಕು. ತಂಡ ಮಾಡಿದ್ದಕ್ಕೆ ನಾವು ಅನ್ನು, ನೀನು ಮಾಡಿದ್ದಕ್ಕೆ ನಾನು ಅನ್ನು, ತಪ್ಪಿಗೂ ಅದೇ ನಿಯಮ ಅಂದರು ಸರ್.

ಆ ರಾತ್ರಿ ಐವತ್ತು ಉತ್ತರಗಳ ಪುಸ್ತಕವನ್ನು ಬದಿಗಿಟ್ಟು ಹೊಸ ಹಾಳೆ ತೆಗೆದೆ. ಆರು ವರ್ಷದಲ್ಲಿ ನಾನೇ ಕೈಯಾರೆ ಮಾಡಿದ, ಚೆನ್ನಾಗಿ ನೆನಪಿರುವ ಏಳು ಪ್ರಸಂಗ ಬರೆದೆ. ಪರಿಸ್ಥಿತಿ ಏನಿತ್ತು, ನನ್ನ ಜವಾಬ್ದಾರಿ ಏನು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು ಎಂಬ ಕ್ರಮದಲ್ಲಿ. ಈ ನಾಲ್ಕು ಹಂತಕ್ಕೆ ಇಂಗ್ಲಿಷಿನಲ್ಲಿ ಸ್ಟಾರ್ ಎಂಬ ಹೆಸರಿದೆ, ನೇಮಕಾತಿ ನಡೆಸುವವರಿಗೆಲ್ಲ ಗೊತ್ತಿರುವಂಥದ್ದು. ಬರೆಯುವಾಗ ನನಗೆ ಕಂಡದ್ದೇನೆಂದರೆ, ಮೊದಲ ಹಂತವನ್ನೇ ನಾನು ಹಿಗ್ಗಿಸಿ ಹಿಗ್ಗಿಸಿ ಹೇಳುತ್ತಿದ್ದೆ. ಗೋದಾಮು ಎಷ್ಟು ದೊಡ್ಡದು, ಎಷ್ಟು ಜನ ಇದ್ದೆವು, ಯಾವ ಸಾಫ್ಟ್‌ವೇರು. ನಾನು ಏನು ಮಾಡಿದೆ ಅನ್ನುವ ಹೊತ್ತಿಗೆ ಉಸಿರೇ ಮುಗಿದಿರುತ್ತಿತ್ತು. ಅದನ್ನು ತಿರುಗಿಸಿದೆ. ಪರಿಸ್ಥಿತಿಗೆ ಎರಡು ವಾಕ್ಯ, ಮಾಡಿದ್ದಕ್ಕೆ ಆರೇಳು. ಬಾಯಿಪಾಠ ಮಾಡಲಿಲ್ಲ. ಪ್ರಸಂಗ ಗಟ್ಟಿಯಾಗಿ ನೆನಪಿದ್ದರೆ ಯಾವ ಪ್ರಶ್ನೆಗೆ ಅದರ ಯಾವ ಮಗ್ಗುಲು ಬೇಕೋ ಅದನ್ನು ಹೇಳಬಹುದು.

ಉಳಿದದ್ದು ಆ ಖಾಲಿ ಜಾಗ. "ನಿಮ್ಮ ಬಗ್ಗೆ ಹೇಳಿ" ಅಂದಾಗ ನಾನು ಶುರು ಮಾಡುತ್ತಿದ್ದದ್ದೇ "ಮೂರು ವರ್ಷದಿಂದ ಕೆಲಸದಲ್ಲಿಲ್ಲ, ಏಕೆಂದರೆ" ಎಂದು. ಮುಚ್ಚಿಡಬಾರದು ಅನ್ನುವ ಪ್ರಾಮಾಣಿಕತೆ ನನ್ನದು. ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರ 1946ರ ಪ್ರಯೋಗವೊಂದು ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಅಪರಿಚಿತ ವ್ಯಕ್ತಿಯೊಬ್ಬನನ್ನು ವರ್ಣಿಸುವ ಆರು ಗುಣಗಳನ್ನು ಒಂದು ಗುಂಪಿಗೆ ಓದಿ ಹೇಳಿದರು: ಬುದ್ಧಿವಂತ, ಶ್ರಮಜೀವಿ, ದುಡುಕುವವ, ತಪ್ಪು ಹುಡುಕುವವ, ಹಟಮಾರಿ, ಹೊಟ್ಟೆಕಿಚ್ಚಿನವ. ಇನ್ನೊಂದು ಗುಂಪಿಗೆ ಅದೇ ಆರನ್ನು ಕೊನೆಯಿಂದ ಮೊದಲಿಗೆ ಓದಿದರು. ಮೊದಲ ಗುಂಪಿಗೆ ಕಂಡವನು ಕೆಲವು ಕೊರತೆಗಳಿರುವ ಸಮರ್ಥ. ಎರಡನೆಯ ಗುಂಪಿನ ಕಣ್ಣಿಗೆ ಅವನು ಹೊಟ್ಟೆಕಿಚ್ಚಿನಿಂದ ಕೆಟ್ಟವನಾದ. ಪದಗಳು ಅವೇ, ಅನುಕ್ರಮ ಮಾತ್ರ ಬೇರೆ. ನನ್ನ ಮೂರು ವರ್ಷವನ್ನು ನಾನೇ ಮೊದಲ ವಾಕ್ಯವಾಗಿಸಿ, ಆರು ವರ್ಷದ ಕೆಲಸವನ್ನು ಅದರ ನೆರಳಿನಲ್ಲಿ ಕೂರಿಸುತ್ತಿದ್ದೆ. ಇನ್ನು ಮೇಲೆ ಕೆಲಸ ಮೊದಲು, ಅಮ್ಮನ ವಿಷಯ ಆಮೇಲೆ, ಅದೂ ಎರಡೇ ವಾಕ್ಯದಲ್ಲಿ ಎಂದು ತೀರ್ಮಾನಿಸಿದೆ.

ನಾಲ್ಕನೆಯ ಕರೆ ಬಂದದ್ದು ಇನ್ನೊಂದು ಆಸ್ಪತ್ರೆ ಸಾಮಗ್ರಿ ವಿತರಣಾ ಸಂಸ್ಥೆಯಿಂದ. ಜಾಹೀರಾತನ್ನು ಪೆನ್ನು ಹಿಡಿದು ಓದಿದೆ. "ವಾಪಸಾತಿ" ಎಂಬ ಪದ ಅದರಲ್ಲಿ ಮೂರು ಕಡೆ ಇತ್ತು. ಮೂರು ಸಲ ಬರೆದಿದ್ದಾರೆಂದರೆ ಅಲ್ಲೇ ಎಲ್ಲೋ ಅವರಿಗೆ ಹಿಂಸೆಯಾಗುತ್ತಿದೆ ಎಂದು ಗುರುತು ಹಾಕಿಕೊಂಡೆ. ಬಟ್ಟೆಯ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಒಗೆದು ಇಸ್ತ್ರಿ ಮಾಡಿದ, ಮೊದಲೂ ಉಟ್ಟು ಅಭ್ಯಾಸವಿರುವ ಬಟ್ಟೆ. ಹೊಸ ಚಪ್ಪಲಿ ಕಚ್ಚುತ್ತಿದ್ದರೆ ಮನಸ್ಸು ಪ್ರಶ್ನೆಯ ಮೇಲೆ ನಿಲ್ಲುವುದಿಲ್ಲ. ಹಿಂದಿನ ದಿನವೇ ಒಮ್ಮೆ ಹೋಗಿ ದಾರಿ, ಗೇಟು, ಎಷ್ಟನೆಯ ಮಹಡಿ ನೋಡಿಕೊಂಡು ಬಂದೆ. ಆ ದಿನ ಇಪ್ಪತ್ತೈದು ನಿಮಿಷ ಮೊದಲು ತಲುಪಿ ಹೊರಗೆ ನಿಂತು, ಹತ್ತು ನಿಮಿಷ ಇರುವಾಗ ಒಳಗೆ ಹೋದೆ.

ಒಳಗೆ ಮೂವರಿದ್ದರು: ಖರೀದಿ ವಿಭಾಗದ ಮುಖ್ಯಸ್ಥೆ, ಲೆಕ್ಕಪತ್ರ ವಿಭಾಗದವರೊಬ್ಬರು, ಎಚ್‌ಆರ್‌ನ ಯುವಕ. ಯುವಕನ ಮುಂದೆ ಮುದ್ರಿಸಿದ ನಮೂನೆ ಇತ್ತು, ಪ್ರತಿ ಪ್ರಶ್ನೆಯ ಮುಂದೆ ಅಂಕದ ಚೌಕ. ಇದನ್ನು ನೋಡಿ ಹೆದರಬೇಡ, ಖುಷಿಪಡು ಎಂದು ಸರ್ ಮೊದಲೇ ಹೇಳಿದ್ದರು. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಅದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಅದು. ಅಂಥ ಕ್ರಮಬದ್ಧ ಸಂದರ್ಶನ, ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತದೆ ಎಂದು ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 1998ರಲ್ಲಿ ಬರೆದಿದ್ದಾರೆ. ಅಭ್ಯರ್ಥಿಯ ಕಡೆಯಿಂದ ನೋಡಿದರೆ ಅದರ ಅರ್ಥ ಸರಳ: ಚೌಕ ತುಂಬಲು ಅವರಿಗೆ ವಿವರ ಬೇಕು, ನಾವು ವಿವರ ಕೊಡಬೇಕು.

ಮುಖ ನೋಡಿಯೇ ಅಳೆಯುವುದು ಇಲ್ಲವೇ ಇಲ್ಲ ಎಂದಲ್ಲ. ಅಪರಿಚಿತ ಮುಖದ ಚಿತ್ರವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತೋರಿಸಿದರೂ ಜನ ಆ ವ್ಯಕ್ತಿ ನಂಬಿಕಸ್ಥರೋ, ಸಮರ್ಥರೋ ಎಂದು ನಿರ್ಧರಿಸಿಬಿಡುತ್ತಾರೆ, ಹೆಚ್ಚು ಹೊತ್ತು ನೋಡಿದರೆ ಆ ನಿರ್ಧಾರ ಬದಲಾಗುವುದಕ್ಕಿಂತ ಗಟ್ಟಿಯಾಗುತ್ತದೆ ಎಂದು ಜನೀನ್ ವಿಲ್ಲಿಸ್, ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ತೋರಿಸಿದರು. ಇದನ್ನು ಓದಿದಾಗ ಮೊದಲು ಎದೆಗುಂದಿದೆ. ಆಮೇಲೆ ಒಂದು ಬಗೆಯ ನೆಮ್ಮದಿ ಬಂತು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಾನು ಮಾಡಬಹುದಾದದ್ದು ಏನೂ ಇಲ್ಲ. ಉಳಿದ ನಲವತ್ತು ನಿಮಿಷ ಮಾತ್ರ ನನ್ನದು.

ನನ್ನ ಬಗ್ಗೆ ಹೇಳಲು ಕೇಳಿದರು. ಒಂದೂವರೆ ನಿಮಿಷದಲ್ಲಿ ಮುಗಿಸಿದೆ. ಆರು ವರ್ಷ ಏನು ಮಾಡಿದೆ, ಯಾವುದರಲ್ಲಿ ನನ್ನ ಕೈ ಪಳಗಿದೆ, ಈ ಕೆಲಸ ಏಕೆ ಬೇಕು, ಕೊನೆಗೆ, "ಅಮ್ಮನ ಆರೈಕೆಗಾಗಿ ಮೂರು ವರ್ಷ ಮನೆಯಲ್ಲಿದ್ದೆ. ಈಗ ಪೂರ್ತಿ ಹೊತ್ತು ಕೆಲಸ ಮಾಡಬಲ್ಲೆ." ಮುಖ್ಯಸ್ಥೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ತಿಂಗಳುಗಟ್ಟಲೆ ನಿದ್ದೆಗೆಡಿಸಿದ್ದ ವಿಷಯ ಎರಡು ವಾಕ್ಯದಲ್ಲಿ ದಾಟಿಹೋಯಿತು.

ತಪ್ಪಿನ ಪ್ರಶ್ನೆ ಬಂತು. ಈ ಸಲ ಹೀಗೆ ಹೇಳಿದೆ. "ಸಿರಿಂಜು ಬಂದಿದ್ದು 40 ಬಿಡಿ. ನಾನು ಎಂಟ್ರಿ ಮಾಡುವಾಗ ಅಳತೆಯ ಕಡೆ ನೋಡಲಿಲ್ಲ, ಕಂಪ್ಯೂಟರ್ ಅದನ್ನು 40 ಬಾಕ್ಸ್ ಎಂದು ತೆಗೆದುಕೊಂಡಿತು. ಬಾಕ್ಸಿಗೆ 100. ಹಾಗಾಗಿ ಇಲ್ಲದ ಸರಕು ಇದೆ ಎಂದೇ ಪರದೆ ತೋರಿಸುತ್ತಿತ್ತು, ಮರು ಆರ್ಡರಿನ ಎಚ್ಚರಿಕೆ ಬರಲೇ ಇಲ್ಲ. ಹನ್ನೊಂದು ದಿನ ಆದ ಮೇಲೆ ಬೇಡಿಕೆ ಬಂದಾಗ ರ‍್ಯಾಕ್ ಖಾಲಿ. ಹಳೆಯ ಚೀಟಿ ತೆಗೆದು ನೋಡಿ, ತಪ್ಪು ನನ್ನದೇ ಎಂದು ಗೊತ್ತಾಗಿ ಆ ಸಂಜೆಯೇ ಮುಖ್ಯಸ್ಥರಿಗೆ ಹೇಳಿದೆ. ಇನ್ನೊಂದು ಗೋದಾಮಿನಿಂದ ಸಾಲ ತರಿಸಿ ರಾತ್ರಿಯೊಳಗೆ ಕಳಿಸಿದೆವು."

"ಆಮೇಲೆ?" ಅಂದರು ಲೆಕ್ಕಪತ್ರದವರು.

"ಅಳತೆಯ ಜಾಗವನ್ನು ಖಾಲಿ ಬಿಡಿಸಿದೆ. ಬಿಡಿಯೋ ಬಾಕ್ಸೋ ಎಂದು ಆರಿಸದೆ ಎಂಟ್ರಿ ಮುಂದಕ್ಕೆ ಹೋಗದ ಹಾಗೆ ಮಾಡಲು ಸಾಫ್ಟ್‌ವೇರ್‌ನವರ ಬೆನ್ನು ಹತ್ತಿದೆ. ವಾರಕ್ಕೆ 20 ಸಾಮಾನು ಸರದಿಯ ಮೇಲೆ ಕೈಯಿಂದ ಎಣಿಸುವುದನ್ನು ಶುರು ಮಾಡಿದೆ. ಹಿಂದಿನ ವಾರ್ಷಿಕ ಎಣಿಕೆಯಲ್ಲಿ 63 ಸಾಮಾನು ತಾಳೆಯಾಗಿರಲಿಲ್ಲ. ಮುಂದಿನ ವರ್ಷ 9."

ಯುವಕ ಆ ಎರಡು ಸಂಖ್ಯೆ ಬರೆದುಕೊಳ್ಳುವುದನ್ನು ನೋಡಿದೆ. ತಪ್ಪು ನನ್ನದು ಅಂದಾಗ ಯಾರ ಮುಖವೂ ಸಿಂಡರಿಸಲಿಲ್ಲ. ದಾಸ್ತಾನು ಕೆಲಸ ಮಾಡಿದ ಯಾರಿಗೂ ಬಿಡಿ ಮತ್ತು ಬಾಕ್ಸಿನ ಗೊಂದಲ ಹೊಸದಲ್ಲ. ಅವರಲ್ಲೂ ಒಬ್ಬರಿಗೆ ತಮ್ಮದೇ ಒಂದು ರಾತ್ರಿ ನೆನಪಾಗಿರಬೇಕು.

ನಡುವೆ ಅವರ ಸಾಫ್ಟ್‌ವೇರಿನ ಹೆಸರು ಹೇಳಿ ಬಳಸಿದ್ದೀರಾ ಎಂದು ಕೇಳಿದರು. "ಇಲ್ಲ, ಬಳಸಿಲ್ಲ" ಅಂದೆ. ಹಳೆಯ ನಾನಾಗಿದ್ದರೆ "ಅದರ ಬಗ್ಗೆ ಸ್ವಲ್ಪ ತಿಳಿದಿದೆ" ಎಂದು ತೇಲಿಸುತ್ತಿದ್ದೆ. ಯಾವುದರಲ್ಲಿ ಕೆಲಸ ಮಾಡಿದ್ದೇನೆ ಎಂದು ತಿಳಿಸಿ, ಹೊಸದು ಕೈಗೆ ಬಂದರೆ ಬ್ಯಾಚ್ ಮತ್ತು ಅವಧಿ ದಿನಾಂಕ ಎಲ್ಲಿ ದಾಖಲಾಗುತ್ತದೆ ಎಂದು ಮೊದಲು ನೋಡುತ್ತೇನೆ ಅಂದೆ.

ಆ ಮೇಲೆ ಮುಖ್ಯಸ್ಥೆ ನನ್ನ ಏಳು ಪ್ರಸಂಗದಲ್ಲಿ ಯಾವುದಕ್ಕೂ ಸೇರದ ಪ್ರಶ್ನೆ ಕೇಳಿದರು. "ಅವಧಿ ಮುಗಿಯಲು ಎರಡೇ ವಾರ ಇರುವ ಸರಕು ಉಳಿದಿದೆ. ನಿಮ್ಮ ಮೇಲಿನವರು ಅದನ್ನು ಕಳಿಸಿಬಿಡಿ ಅನ್ನುತ್ತಾರೆ. ಏನು ಮಾಡುತ್ತೀರಿ?"

ಕಣ್ಣು ಮೇಲಕ್ಕೆ ಹೋಗತೊಡಗಿತು. ಹಿಡಿದೆ. ಸುಮ್ಮನೆ ಕೂತೆ. ಒಂದು, ಎರಡು, ಮೂರು ಸೆಕೆಂಡು. ಮಾತಿನ ಮಧ್ಯೆ ಮೂರು ಸೆಕೆಂಡಿನ ಮೌನ ಎಷ್ಟು ಉದ್ದವೆಂದು ಕೂತವರಿಗೇ ಗೊತ್ತು. ಆದರೆ ಆ ಮೌನದಲ್ಲಿ ಪ್ರಶ್ನೆ ಮತ್ತೊಮ್ಮೆ ನನಗೆ ಕೇಳಿಸಿತು, ಅದರಲ್ಲಿ ಒಂದು ಎಳೆ ಬಿಟ್ಟುಹೋಗಿರುವುದೂ ಕಾಣಿಸಿತು.

"ಒಂದು ಕೇಳಬಹುದಾ ಮೇಡಂ? ತೆಗೆದುಕೊಳ್ಳುವ ಆಸ್ಪತ್ರೆಗೆ ಆ ದಿನಾಂಕ ಗೊತ್ತಿದೆಯಾ?"

ಅವರು ಮುಂದಕ್ಕೆ ಬಾಗಿದರು. "ಗೊತ್ತಿಲ್ಲ ಅಂದುಕೊಳ್ಳಿ."

"ಹಾಗಾದರೆ ಮೊದಲು ಅವರಿಗೆ ತಿಳಿಸೋಣ ಎಂದು ನಮ್ಮವರಿಗೆ ಹೇಳುತ್ತೇನೆ. ವಾರದಲ್ಲಿ ಬಳಸಿ ಮುಗಿಸುವಷ್ಟು ಬಳಕೆ ಅವರಲ್ಲಿದ್ದರೆ, ಒಪ್ಪಿಗೆ ಬರವಣಿಗೆಯಲ್ಲಿ ಪಡೆದು ಅಷ್ಟನ್ನೇ ಕಳಿಸಬಹುದು. ಅವರು ಬೇಡ ಅಂದರೆ ಕಳಿಸಲು ನನಗೆ ಮನಸ್ಸಿಲ್ಲ. ಅದನ್ನೂ ಮೇಲಿನವರಿಗೆ ಎದುರಿಗೇ ಹೇಳುತ್ತೇನೆ. ಅದಕ್ಕಿಂತ ಮುಖ್ಯ, ಮೊದಲು ಅವಧಿ ಮುಗಿಯುವುದೇ ಮೊದಲು ಹೊರಗೆ ಹೋಗಬೇಕಿತ್ತು. ಎರಡು ವಾರ ಉಳಿಯುವವರೆಗೆ ಅದು ರ‍್ಯಾಕಿನ ಹಿಂದೆ ಹೇಗೆ ಉಳಿಯಿತು ಎಂದು ಹುಡುಕುತ್ತೇನೆ."

ಇದು ಸರಿಯುತ್ತರವೋ ಅಲ್ಲವೋ ಎಂಬ ಚಿಂತೆ ಆಗ ಇರಲಿಲ್ಲ. ಆರು ವರ್ಷ ನಾನು ನಿಜಕ್ಕೂ ಹೇಗೆ ಯೋಚಿಸುತ್ತಿದ್ದೆನೋ ಹಾಗೆಯೇ ಯೋಚಿಸಿ ಹೇಳಿದ್ದೆ. ಮೂರು ಸಂದರ್ಶನಗಳಲ್ಲಿ ಒಮ್ಮೆಯೂ ಆಗದಿದ್ದದ್ದು ಇದು. ಕೆಲಸ ಬಲ್ಲವಳಾಗಿ ಆ ಕೋಣೆಯಲ್ಲಿ ಕೂತಿದ್ದೆ.

ಸಂಬಳದ ನಿರೀಕ್ಷೆ ಕೇಳಿದರು, ವಿಚಾರಿಸಿಕೊಂಡು ಹೋಗಿದ್ದ ಮಿತಿಯೊಳಗೆ ಹೇಳಿದೆ. ಹಳೆಯ ಕೆಲಸ ಬಿಟ್ಟದ್ದರ ಬಗ್ಗೆ ಕೇಳಿದರು, ಯಾರನ್ನೂ ದೂರದೆ ಉತ್ತರಿಸಿದೆ.

ಕೊನೆಗೆ, ನಿಮಗೇನಾದರೂ ಕೇಳುವುದಿದೆಯೇ ಎಂದರು. ಇದಕ್ಕೆ ಮೂರು ಸಲವೂ "ಇಲ್ಲ, ಎಲ್ಲಾ ಸ್ಪಷ್ಟವಾಗಿದೆ" ಎಂದು ವಿನಯದಿಂದ ಹೇಳಿ ಎದ್ದಿದ್ದೆ. ಈಗ ಅನ್ನಿಸುತ್ತದೆ, ಕೆಲಸದಲ್ಲಿ ಆಸಕ್ತಿ ಇರುವವರಿಗೆ ಆ ಕ್ಷಣದಲ್ಲಿ ಕೇಳಲು ಏನೂ ಇಲ್ಲದಿರಲು ಹೇಗೆ ಸಾಧ್ಯ? "ಜಾಹೀರಾತಿನಲ್ಲಿ ವಾಪಸಾತಿಯ ಬಗ್ಗೆ ಮೂರು ಕಡೆ ಇದೆ. ವಾಪಸ್ ಬಂದ, ಅವಧಿ ಮೀರಿದ ಸರಕನ್ನು ಒಳ್ಳೆಯ ಸರಕಿನಿಂದ ಬೇರೆಯಾಗಿ ಎಲ್ಲಿ ಇಡುತ್ತೀರಿ?" ಎಂದು ಕೇಳಿದೆ.

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. ಮುಂದಿನ ನಾಲ್ಕೈದು ನಿಮಿಷ ಮಾತಾಡಿದ್ದು ಅವರೇ. ಜಾಗ ಸಾಲದು, ಪಟ್ಟಿ ಅಂಟಿಸುವುದು ತಪ್ಪುತ್ತದೆ, ಎರಡು ಬಾರಿ ವಾಪಸ್ ಸರಕು ಒಳ್ಳೆಯದರ ಜೊತೆ ಸೇರಿ ಹೋಗುವುದರಲ್ಲಿತ್ತು. ನಾನು ಕೇಳಿಸಿಕೊಂಡೆ. ಪರಿಹಾರ ಹೇಳಲು ಹೋಗಲಿಲ್ಲ. ನೋಡದ ಗೋದಾಮಿಗೆ ಹೊರಗಿನಿಂದ ಬುದ್ಧಿ ಹೇಳುವುದು ಸರಿಯಲ್ಲ. ಇನ್ನೆರಡು ಪ್ರಶ್ನೆ ಮಾತ್ರ ಕೇಳಿದೆ.

ಮರುದಿನ ಬೆಳಿಗ್ಗೆ ನಾಲ್ಕು ವಾಕ್ಯದ ಇಮೇಲ್ ಕಳಿಸಿದೆ. ಸಮಯ ಕೊಟ್ಟದ್ದಕ್ಕೆ ಧನ್ಯವಾದ, ವಾಪಸಾತಿಯ ಬಗ್ಗೆ ಅವರು ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ, ಕೆಲಸದಲ್ಲಿ ಆಸಕ್ತಿ ಇದೆ, ಬೇರೆ ಮಾಹಿತಿ ಬೇಕಿದ್ದರೆ ಕಳಿಸುತ್ತೇನೆ ಎಂದು.

ಎರಡನೆಯ ಸುತ್ತು ವಿಡಿಯೋ ಕರೆಯಲ್ಲಿ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತಂದೆ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕೂತೆ. ಪರದೆಯಲ್ಲಿ ಅವರ ಮುಖ ನೋಡುತ್ತಾ ಮಾತಾಡಿದರೆ ಅವರಿಗೆ ನಾವು ಕೆಳಗೆ ನೋಡುತ್ತಿರುವ ಹಾಗೆ ಕಾಣುತ್ತದೆ. ಹೇಳುವಾಗ ಕ್ಯಾಮೆರಾ, ಕೇಳುವಾಗ ಅವರ ಮುಖ ಎಂದು ಅಭ್ಯಾಸ ಮಾಡಿಕೊಂಡಿದ್ದೆ. ದನಿ ತಡವಾಗಿ ತಲುಪುತ್ತದಾದ್ದರಿಂದ ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ತಾಳಿ ಉತ್ತರಿಸಬೇಕು. ಅದು ಹೇಗೂ ಈಗ ನನಗೆ ಬರುತ್ತಿತ್ತು.

ಒಂಬತ್ತು ದಿನದ ನಂತರ ಫೋನ್ ಬಂತು. ಅದನ್ನು ಇಟ್ಟ ಕೂಡಲೇ ಸರ್‌ಗೆ ಮಾಡಿದೆ. ಸಿಕ್ಕಿತು ಸರ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಿಮ್ಮಮ್ಮ ಇರಬೇಕಿತ್ತು" ಅಂದರು.

ಮೊದಲ ದಿನ ಗುರುತಿನ ಚೀಟಿ, ನಮೂನೆಗಳು, ಪರಿಚಯ ಎಲ್ಲ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಮುಖ್ಯಸ್ಥೆ ಬಂದು "ಬನ್ನಿ, ನೀವು ಕೇಳಿದ್ರಲ್ಲ, ಅದನ್ನ ತೋರಿಸ್ತೀನಿ" ಎಂದು ಗೋದಾಮಿನ ಹಿಂಬದಿಗೆ ಕರೆದುಕೊಂಡು ಹೋದರು. ಗೋಡೆಯ ಪಕ್ಕದಲ್ಲಿ ವಾಪಸಾತಿ ಪೆಟ್ಟಿಗೆಗಳು ಎದೆಯೆತ್ತರ ನಿಂತಿದ್ದವು, ಅರ್ಧಕ್ಕೆ ಪಟ್ಟಿಯೇ ಇರಲಿಲ್ಲ. ಚೀಲವನ್ನು ಕುರ್ಚಿಗೆ ನೇತುಹಾಕಿ, ಮೇಲಿನ ಪೆಟ್ಟಿಗೆಯನ್ನು ಇಳಿಸಿ ಅದರ ದಿನಾಂಕ ಓದಿದೆ.